ಹತ್ತಿಯ ಸುಂಕ, ಟವೆಲಿನ ಸುಂಕ



ಸುಂಕ ಎಂಬ ಮಾತನ್ನು ಗಡಿನಾಡಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಆದವಾನಿ, ರಾಯದುರ್ಗದ ಕಡೆ ತೆಲುಗಿನವರ ಬಾಯಲ್ಲಿ ಅದು ಸುಂಕಂ. ಹೊಸೂರು, ತಾಳವಾಡಿಯ ತಮಿಳಿನಲ್ಲಿ ಸುಂಗಂ. ಕಾಸರಗೋಡಿನ ಮಲಯಾಳದಲ್ಲಿ ಚುಂಗಂ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತದ ಕಡೆ ಮಾತ್ರ ಮರಾಠಿಯ ಜಕಾತ ಬಂದು ಕೂತಿದೆ. ನಮ್ಮ ಹಳೆಯ ಶಾಸನಗಳನ್ನು ಓದಿದರೆ ಹೆಜ್ಜುಂಕ ಎಂಬ ದೊಡ್ಡ ಸುಂಕವೂ ಕಿರುಕುಳ ಎಂಬ ಚಿಲ್ಲರೆ ಸುಂಕವೂ ಸಿಗುತ್ತವೆ. ಕಿರುಕುಳ ಎಂಬ ಆ ಮಾತನ್ನು ನಾವು ಈಗ ಯಾವ ಅರ್ಥದಲ್ಲಿ ಬಳಸುತ್ತೇವೆ ಎಂಬುದು ತಮಗೆಲ್ಲ ಗೊತ್ತು. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗೆ ಎಂಬ ಗಾದೆಯನ್ನು ಕಟ್ಟಿದವರು ಕಟ್ಟೆಯ ಮುಂದೆ ಹೇರು ಇಳಿಸಿ ನಿಂತು ಸಾಕಾದವರೇ ಇರಬೇಕು.

ಊರ ಬಾಯಿಯಲ್ಲಿದ್ದ ಆ ಕಟ್ಟೆಗಳು ಒಂದೊಂದಾಗಿ ಹೋದವು. ಕರ್ನಾಟಕದಲ್ಲಿ ಆಕ್ಟ್ರಾಯ್ ಹೋದದ್ದು 1979ರಲ್ಲಿ. 2017ರ ಜುಲೈ 1ರಂದು ಜಿ.ಎಸ್.ಟಿ. ಬಂದ ಮೇಲೆ ರಾಜ್ಯದ ಗಡಿಯಲ್ಲಿ ಲಾರಿಗಳ ಸಾಲು ನಿಲ್ಲಿಸುತ್ತಿದ್ದ ತೆರಿಗೆಯ ಚೆಕ್‌ಪೋಸ್ಟುಗಳೂ ಮುಚ್ಚಿದವು. ಈಗ ಉಳಿದಿರುವುದು ದೇಶದ ಬಾಗಿಲಿನ ಸುಂಕ. ಅದನ್ನು ವಸೂಲು ಮಾಡುವುದು ಮುಂಬಯಿಯ ಬಂದರಿನಲ್ಲಿ, ಚೆನ್ನೈಯಲ್ಲಿ, ತೂತ್ತುಕುಡಿಯಲ್ಲಿ. ನಮ್ಮ ಹಳ್ಳಿಗಳಿಂದ ಅದು ಬಹಳ ದೂರ. ದೂರ ಇರುವುದರಿಂದಲೇ ಅದು ನಮಗೆ ಸಂಬಂಧಪಟ್ಟದ್ದಲ್ಲ, ದೊಡ್ಡ ವ್ಯಾಪಾರಿಗಳ ವಿಷಯ ಎಂದು ಅಂದುಕೊಳ್ಳುತ್ತೇವೆ. ಹಾಗಿಲ್ಲ ಎಂಬುದಕ್ಕೆ ಇವತ್ತು ಒಂದೇ ಸರಕನ್ನು ಹಿಡಿದು ಮಾತಾಡುತ್ತೇನೆ. ಆ ಸರಕು ಹತ್ತಿ.

ಹತ್ತಿಯನ್ನೇ ಏಕೆ ಹಿಡಿದೆ ಎಂದರೆ, ಅದು ಗಡಿಯ ಕನ್ನಡಿಗರ ಹೊಲದಲ್ಲೂ ಇದೆ, ಮಗ್ಗದಲ್ಲೂ ಇದೆ, ಹೊಲಿಗೆ ಯಂತ್ರದ ಕೆಳಗೂ ಇದೆ. ಆದವಾನಿಯ ಮಾರ್ಕೆಟ್ ಯಾರ್ಡು ಆಂಧ್ರದ ದೊಡ್ಡ ಹತ್ತಿ ಪೇಟೆಗಳಲ್ಲಿ ಒಂದು. ಸುತ್ತಲಿನ ಎರೆ ಹೊಲಗಳ ಹತ್ತಿ ಅಲ್ಲಿಗೆ ಬರುತ್ತದೆ. ಬೆಲೆ ಚೆನ್ನಾಗಿದೆ ಎಂದರೆ ರಾಯಚೂರು, ಬಳ್ಳಾರಿ ಸೀಮೆಯ ರೈತರೂ ಗಡಿ ದಾಟಿ ತರುತ್ತಾರೆ. ಹತ್ತಿ ಅಲ್ಲಿಂದ ಜಿನ್ನಿಗೆ ಹೋಗಿ ಅರಳೆಯಾಗುತ್ತದೆ, ಗಿರಣಿಗೆ ಹೋಗಿ ನೂಲಾಗುತ್ತದೆ. ನೂಲು ಸೊಲ್ಲಾಪುರದ ಪವರ್‌ಲೂಮಿನ ಮೇಲೆ ಚಾದರವೋ ಟವೆಲೋ ಆಗುತ್ತದೆ. ಸೊಲ್ಲಾಪುರದ ಚಾದರಕ್ಕೂ ಟೆರ್ರಿ ಟವೆಲಿಗೂ ಭೌಗೋಳಿಕ ಗುರುತಿನ ಮುದ್ರೆ ಸಿಕ್ಕಿದೆ. ರಾಯದುರ್ಗದಲ್ಲಿ ಮನೆಮನೆಗಳಲ್ಲಿ ಜೀನ್ಸ್ ಹೊಲಿಯುತ್ತಾರೆ. ಹೀಗೆ ಒಂದು ಎಳೆ ಹತ್ತಿ ನಮ್ಮ ಗಡಿಯ ಉದ್ದಕ್ಕೂ ಓಡಾಡಿಕೊಂಡಿದೆ.

ಈಗ ಸುಂಕದ ಲೆಕ್ಕಕ್ಕೆ ಬರೋಣ. ಹೊರದೇಶದಿಂದ ಬರುವ ಹತ್ತಿಗೆ ನಮ್ಮಲ್ಲಿ ಬಹಳ ವರ್ಷ ಸುಂಕವೇ ಇರಲಿಲ್ಲ. 2008ರಲ್ಲಿ ತೆಗೆದದ್ದು 2021ರ ಫೆಬ್ರುವರಿಯ ಬಜೆಟ್ಟಿನಲ್ಲಿ ಮತ್ತೆ ಬಂತು. ಮೂಲ ಸುಂಕ ಶೇಕಡಾ 5, ಕೃಷಿ ಮೂಲಸೌಕರ್ಯದ ಸೆಸ್ ಶೇಕಡಾ 5, ಇವೆರಡರ ಮೇಲೆ ಹತ್ತರಲ್ಲೊಂದು ಭಾಗ ಮೇಲ್ತೆರಿಗೆ. ಒಟ್ಟು ಶೇಕಡಾ 11. ಇದು ಸರಕಾರದ ಬೊಕ್ಕಸ ತುಂಬಲಿಕ್ಕೆ ಹಾಕಿದ್ದಲ್ಲ. 1990ರ ಹೊತ್ತಿಗೆ ಕೇಂದ್ರದ ತೆರಿಗೆ ಹಣದಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಈ ಬಂದರಿನ ಸುಂಕದಿಂದಲೇ ಬರುತ್ತಿತ್ತು. 2025ರ ಬಜೆಟ್ಟಿನಲ್ಲಿ ಸರಕಾರಕ್ಕೆ ಬರುವ ಒಂದು ರೂಪಾಯಿಯಲ್ಲಿ ಅದರ ಪಾಲು ಬರೀ ನಾಲ್ಕು ಪೈಸೆ. ಹಾಗಾದರೆ ಸುಂಕ ಹಾಕುವುದೇಕೆ? ಹೊರಗಿನ ಸರಕು ದುಬಾರಿಯಾಗಲಿ, ಒಳಗಿನವನ ಸರಕಿಗೆ ಬೆಲೆ ಸಿಗಲಿ ಎಂದು. ಅಂದರೆ ಸುಂಕದ ನಿಜವಾದ ಕೆಲಸ ನಡೆಯುವುದು ಬಂದರಿನ ರಸೀದಿ ಪುಸ್ತಕದಲ್ಲಿ ಅಲ್ಲ. ಆದವಾನಿಯ ಯಾರ್ಡಿನಲ್ಲಿ, ಹರಾಜಿನ ಹೊತ್ತಿನಲ್ಲಿ.

ಅದು ಹೇಗೆ ಎಂಬುದಕ್ಕೆ ಒಂದು ಸುಲಭ ಲೆಕ್ಕ ಹೇಳುತ್ತೇನೆ. ಹೊರದೇಶದ ಅರಳೆ ನಮ್ಮ ಬಂದರಿಗೆ ಕಿಲೋಗೆ 150 ರೂಪಾಯಿಗೆ ಬಂದು ಬೀಳುತ್ತದೆ ಎಂದು ಇಟ್ಟುಕೊಳ್ಳಿ. ಶೇಕಡಾ 11 ಸೇರಿದರೆ 166 ರೂಪಾಯಿ 50 ಪೈಸೆ. ಗಿರಣಿಯವನು ನಮ್ಮ ಅರಳೆಗೆ ಹೆಚ್ಚೆಂದರೆ ಅಲ್ಲಿಯವರೆಗೆ ಕೊಡಲು ಒಪ್ಪುತ್ತಾನೆ. ಸುಂಕ ತೆಗೆದರೆ 150ಕ್ಕೆ ಬಂದು ನಿಲ್ಲುತ್ತಾನೆ. ನಡುವಿನ ಹದಿನಾರೂವರೆ ರೂಪಾಯಿ ಏನು ಸಣ್ಣದು ಅನ್ನಿಸಬಹುದು. ಆದರೆ ಒಂದು ಕ್ವಿಂಟಲ್ ಹತ್ತಿ ಬಿಡಿಸಿ ಜಿನ್ನಿಗೆ ಹಾಕಿದರೆ ಸುಮಾರು 34 ಕಿಲೋ ಅರಳೆ ಸಿಗುತ್ತದೆ. ಅಲ್ಲಿಗೆ ರೈತನ ಕ್ವಿಂಟಲಿನ ಮೇಲೆ 560 ರೂಪಾಯಿಯ ವ್ಯತ್ಯಾಸ. ಹತ್ತು ಕ್ವಿಂಟಲ್ ಬೆಳೆದವನಿಗೆ ಐದು ಸಾವಿರದ ಆರುನೂರು. ಹತ್ತಿ ಬಿಡಿಸುವ ಹೆಂಗಸರ ಕೂಲಿ ಕೊಡುವ ಹಣ ಅದು, ಅಥವಾ ಗೊಬ್ಬರದ ಅಂಗಡಿಯ ಉದ್ರಿ. ಪೂರ್ತಿ ಸುಂಕವೇ ಬೆಲೆಗೆ ಇಳಿಯುತ್ತದೆ ಎಂದು ನಾನು ಹೇಳುತ್ತಿಲ್ಲ. ಪೇಟೆಯ ಬೆಲೆಗೆ ಬೇರೆ ಕಾರಣಗಳೂ ಇರುತ್ತವೆ. ಆದರೆ ಕೈ ಯಾವ ಕಡೆಗೆ ಎಳೆಯುತ್ತದೆ ಎಂಬುದು ಇದರಿಂದ ತಿಳಿಯುತ್ತದೆ.

ಈಗ ಇದೇ ಲೆಕ್ಕವನ್ನು ಸೊಲ್ಲಾಪುರದ ಮಗ್ಗದವರ ಕಡೆಯಿಂದ ನೋಡಿ. ಅರ್ಧ ಕಿಲೋ ತೂಕದ ಒಂದು ಟವೆಲಿಗೆ, ಸೋರುವುದು ಕಸ ಹೋಗುವುದು ಸೇರಿ, ಅದೇ ಸುಂಕದಿಂದ ಒಂಬತ್ತು ಹತ್ತು ರೂಪಾಯಿ ಹೆಚ್ಚು ಬೀಳುತ್ತದೆ. ಮಗ್ಗದ ಮಾಲೀಕನಿಗೆ ಒಂದು ಟವೆಲಿನಲ್ಲಿ ಉಳಿಯುವುದೇ ಅಷ್ಟೋ ಅದಕ್ಕಿಂತ ಕಡಿಮೆಯೋ ಇರುತ್ತದೆ. ಕೊಳ್ಳುವವನು ಹತ್ತು ರೂಪಾಯಿ ಹೆಚ್ಚಿಗೆ ಕೊಡಲು ಒಪ್ಪಲಿಲ್ಲವೋ, ಮಗ್ಗ ಓಡಿಸಿಯೂ ಕೈಗೆ ಏನೂ ಬರುವುದಿಲ್ಲ.

ಗಡಿನಾಡಿನಲ್ಲಿ ಹೆಣ್ಣು ಕೊಡುವುದು ತರುವುದು ರಾಜ್ಯದ ಗಡಿ ನೋಡಿ ನಡೆಯುವುದಿಲ್ಲ. ಆದವಾನಿಯ ಹತ್ತಿ ಬೆಳೆಗಾರರೊಬ್ಬರೂ ಸೊಲ್ಲಾಪುರದ ಮಗ್ಗದ ಮಾಲೀಕರೊಬ್ಬರೂ ಬೀಗರಾದರು ಎಂದು ಕಲ್ಪಿಸಿಕೊಳ್ಳಿ. ಬೀಗರ ಊಟ ಮುಗಿದು ಎಲೆಯಡಿಕೆ ತಟ್ಟೆ ನಡುವೆ ಬಂದಾಗ ಮಾತು ಹೀಗೆ ನಡೆದೀತು:

"ಏನ್ರಿ ಬೀಗರ, ಆ ಪರದೇಶದ ಹತ್ತಿಗಿ ಸುಂಕ ಹಾಕಿ ಅಂತ ನೀವು ಅರ್ಜಿ ಕೊಡ್ತೀರಿ. ಇಲ್ಲಿ ನೂಲಿನ ರೇಟು ಏರಿ ನನ್ನ ಮಗ್ಗ ನಿಲ್ಲಲಿಕ್ಕೆ ಹತ್ಯಾವ."

"ನಿಮ್ಮ ಮಗ್ಗ ನಡೀಲಿ ಅಂತ ನಾ ಹೊಲ ಮಾರಬೇಕೇನ್ರಿ? ಬೀಜ, ಎಣ್ಣಿ, ಕೂಲಿ, ಯಾವುದರ ರೇಟು ಇಳದದ ಹೇಳ್ರಿ."

"ಮಗ್ಗ ನಿಂತರ ನಿಮ್ಮ ಹತ್ತಿ ಕೊಳ್ಳಾವ್ರು ಯಾರ್ರಿ?"

"ನಾ ಹತ್ತಿ ಬಿಟ್ಟು ಕಡ್ಲಿ ಬಿತ್ತಿದರ ನಿಮ್ಮ ಮಗ್ಗಕ್ಕ ಏನ್ ಹಾಕ್ತೀರಿ?"

ಇಬ್ಬರ ಮಾತೂ ನಿಜ. ಪತ್ರಿಕೆಗಳಲ್ಲಿ ಬರೆಯುವವರು ಸುಂಕ ಎಂದರೆ ನಮ್ಮ ದೇಶ ಬೇರೆ ದೇಶದ ಮೇಲೆ ಹಾಕುವ ಹೊರೆ ಎಂಬಂತೆ ಬರೆಯುತ್ತಾರೆ. ಹೊರೆಯ ಒಂದು ಪಾಲು ಹೊರಗಿನವನ ಮೇಲೆ ಬೀಳಬಹುದು. ಬಹುಪಾಲು ಮಾತ್ರ ಮನೆಯೊಳಗಿನದೇ ಹಂಚಿಕೆ. ಒಬ್ಬ ಬೀಗರ ಚೀಲದಿಂದ ಇನ್ನೊಬ್ಬ ಬೀಗರ ಚೀಲಕ್ಕೆ ಹಣ ದಾಟಿಸುವ ದೋಣಿ ಇದು. ಆ ಕಡೆ ಹಾಕಿದರೆ ಈ ಕಡೆ ಬತ್ತುತ್ತದೆ.

ಈ ಜಗಳ ಹೊಸದೂ ಅಲ್ಲ. ಸೊಲ್ಲಾಪುರ 1870ರ ದಶಕದಲ್ಲಿಯೇ ಬಟ್ಟೆ ಗಿರಣಿ ಕಂಡ ಊರು. ಇಪ್ಪತ್ತು ವರ್ಷ ಕಳೆಯುವುದರೊಳಗೆ ಇಂಗ್ಲೆಂಡಿನ ಲ್ಯಾಂಕಷೈರ್ ಗಿರಣಿಗಳ ಮಾಲೀಕರಿಗೆ ನಮ್ಮ ಗಿರಣಿಗಳು ಕಣ್ಣು ಚುಚ್ಚತೊಡಗಿದವು. ಹಿಂದುಸ್ಥಾನಕ್ಕೆ ಬರುವ ವಿಲಾಯತಿ ಬಟ್ಟೆಯ ಮೇಲೆ ಸರಕಾರಕ್ಕೆ ಸುಂಕ ಬೇಕಾಗಿತ್ತು, ಬೊಕ್ಕಸ ಬರಿದಾಗಿತ್ತು. ಆದರೆ ಸುಂಕ ಹಾಕಿದರೆ ನಮ್ಮ ಗಿರಣಿಗಳಿಗೆ ಅನುಕೂಲವಾಗುತ್ತದಲ್ಲ! ಅದಕ್ಕೆ 1896ರಲ್ಲಿ ಒಂದು ವಿಚಿತ್ರ ಉಪಾಯ ಮಾಡಿದರು. ವಿಲಾಯತಿ ಬಟ್ಟೆಗೆ ಶೇಕಡಾ ಮೂರೂವರೆ ಸುಂಕ ಹಾಕಿ, ನಮ್ಮ ಗಿರಣಿಗಳಲ್ಲಿ ನೇಯ್ದ ಬಟ್ಟೆಗೂ ಅಷ್ಟೇ ಶೇಕಡಾ ಮೂರೂವರೆ ಅಬಕಾರಿ ತೆರಿಗೆ ಹಾಕಿದರು. ಸ್ವಂತ ಊರಿನಲ್ಲಿ ನೇಯ್ದು ಸ್ವಂತ ಊರಿನಲ್ಲಿ ಮಾರುವ ಬಟ್ಟೆಗೂ ಹೊರಗಿನಿಂದ ಹಡಗಿನಲ್ಲಿ ಬಂದ ಬಟ್ಟೆಯ ಹಾಗೆ ದಂಡ. ಲೋಕಮಾನ್ಯ ತಿಲಕರು ಇದನ್ನು ಬಲವಾಗಿ ವಿರೋಧಿಸಿದರು. ವಿದೇಶಿ ಬಟ್ಟೆ ಬಿಡಿ ಎಂಬ ಕೂಗು ಮಹಾರಾಷ್ಟ್ರದಲ್ಲಿ ಎದ್ದುದರ ಹಿಂದೆ ಈ ಮೂರೂವರೆಯ ಸಿಟ್ಟೂ ಇದೆ. ಆ ತೆರಿಗೆಯನ್ನು ನಿಲ್ಲಿಸಿದ್ದು 1925ರ ಡಿಸೆಂಬರಿನಲ್ಲಿ. ಸುಮಾರು ಮೂವತ್ತು ವರ್ಷ! ಸುಂಕ ಯಾರಿಗಾಗಿ ಎಂದು ಕೇಳದೆ ಅದು ಎಷ್ಟು ಎಂದಷ್ಟೇ ಕೇಳಿದರೆ ಸಾಲದು ಎಂಬುದನ್ನು ನಮ್ಮ ಅಜ್ಜಂದಿರು ಹೀಗೆ ಕಂಡುಕೊಂಡರು.

ಈ ಕಾಲಕ್ಕೆ ಬಂದರೆ 2021ರಲ್ಲಿ ಹಾಕಿದ ಶೇಕಡಾ 11ರ ಕತೆ ಎರಡು ಸಲ ಒಂದೇ ರೀತಿ ನಡೆಯಿತು.

ಮೊದಲ ಸಲ 2022ರಲ್ಲಿ. ಕೊರೋನಾ ಮುಗಿದು ಲೋಕದ ಎಲ್ಲ ಕಡೆ ಬಟ್ಟೆಗೆ ಬೇಡಿಕೆ ಎದ್ದಿತ್ತು, ನಮ್ಮಲ್ಲಿ ಬೆಳೆ ಕಡಿಮೆ ಇತ್ತು. ಆ ಚಳಿಗಾಲದಲ್ಲಿ ಹತ್ತಿ ಕ್ವಿಂಟಲಿಗೆ ಹತ್ತು ಸಾವಿರ ದಾಟಿತು. ಆಗಿನ ಬೆಂಬಲ ಬೆಲೆ ಉದ್ದ ಎಳೆಯ ಹತ್ತಿಗೆ 6,025 ರೂಪಾಯಿ. 356 ಕಿಲೋದ ಒಂದು ಕ್ಯಾಂಡಿ ಅರಳೆ ಮೇ ತಿಂಗಳಲ್ಲಿ ಒಂದು ಲಕ್ಷ ರೂಪಾಯಿ ಮುಟ್ಟಿತು. ನೂಲು ಕೊಳ್ಳಲಾಗದೆ ತಿರುಪ್ಪೂರಿನಲ್ಲಿ ಎರಡು ದಿನ ಮುಷ್ಕರವಾಯಿತು. ಸರಕಾರ ಏಪ್ರಿಲ್ 14ರಿಂದ ಸುಂಕ ತೆಗೆಯಿತು. ಅಷ್ಟು ಹೊತ್ತಿಗೆ ಸಣ್ಣ ರೈತರ ಹತ್ತಿ ಮನೆಯಲ್ಲಿ ಇರಲೇ ಇಲ್ಲ. ಅದು ವ್ಯಾಪಾರಿಯ ಗೋದಾಮಿನಲ್ಲಿತ್ತು. ಆ ಸಲ ರೈತರಿಗೆ ಅಷ್ಟೊಂದು ಪೆಟ್ಟು ಬೀಳಲಿಲ್ಲ. ಮಗ್ಗದವರಿಗೆ ಮಾತ್ರ ಉಪಕಾರ ತಡವಾಗಿ ಬಂತು.

ಎರಡನೆಯ ಸಲ 2025ರ ಆಗಸ್ಟಿನಲ್ಲಿ. ಇದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಏಕೆಂದರೆ ಇಲ್ಲಿ ಎರಡು ದೇಶಗಳ ಎರಡು ಸುಂಕಗಳು ಮೂರೇ ವಾರದಲ್ಲಿ ಒಂದರ ಬಾಲ ಒಂದು ಹಿಡಿದು ಬಂದವು.

ನಮ್ಮ ಟವೆಲು, ಹಾಸಿಗೆ ಬಟ್ಟೆಗಳಿಗೆ ಹೊರದೇಶದ ದೊಡ್ಡ ಗಿರಾಕಿ ಅಮೆರಿಕ. ಆ ದೇಶ ಆಗಸ್ಟ್ 7ರಿಂದ ನಮ್ಮ ಸರಕಿನ ಮೇಲೆ ಶೇಕಡಾ 25 ಹೆಚ್ಚಿನ ಸುಂಕ ಹಾಕಿತು. ಆಗಸ್ಟ್ 27ರಿಂದ, ನಾವು ರಷ್ಯದಿಂದ ಎಣ್ಣೆ ಕೊಳ್ಳುತ್ತೇವೆ ಎಂಬ ಕಾರಣಕ್ಕೆ, ಇನ್ನೂ 25. ಒಟ್ಟು 50. ಟವೆಲಿನ ಮೇಲೆ ಮೊದಲೇ ಇದ್ದ ಸುಮಾರು 9 ಬೇರೆ. ಅದೇ ಹೊತ್ತಿನಲ್ಲಿ ಪಾಕಿಸ್ತಾನಕ್ಕೆ ಹಾಕಿದ ಹೊಸ ಸುಂಕ 19, ಬಾಂಗ್ಲಾದೇಶಕ್ಕೆ 20. ಟವೆಲಿನಲ್ಲಿ ಪಾಕಿಸ್ತಾನ ನಮಗೆ ಎದುರಾಳಿ. ಆಗ ಇನ್ನೂರು ರೂಪಾಯಿಯ ಒಂದು ಟವೆಲು ಅಮೆರಿಕದ ಬಂದರಿಗೆ ಹೋದರೆ ನಮ್ಮದಕ್ಕೆ 118 ರೂಪಾಯಿ ಸುಂಕ ಬೀಳುತ್ತಿತ್ತು, ಅವರದಕ್ಕೆ 56.

ಇಲ್ಲೊಂದು ಮಾತು ಸ್ಪಷ್ಟವಾಗಲಿ. ಆ 118 ರೂಪಾಯಿಯನ್ನು ಕಟ್ಟುವವನು ಸೊಲ್ಲಾಪುರದವನಲ್ಲ, ನಮ್ಮ ಸರಕಾರವೂ ಅಲ್ಲ. ಅಮೆರಿಕದಲ್ಲಿ ಸರಕು ಇಳಿಸಿಕೊಳ್ಳುವ ವ್ಯಾಪಾರಿ ತನ್ನ ಸರಕಾರಕ್ಕೆ ಕಟ್ಟುತ್ತಾನೆ. ಕಟ್ಟಿದ ಮೇಲೆ ಅವನಿಗೆ ಮೂರು ದಾರಿ. ಅಂಗಡಿಯಲ್ಲಿ ಬೆಲೆ ಏರಿಸಿ ಅಲ್ಲಿನ ಗೃಹಿಣಿಯ ಕೈಯಿಂದ ತೆಗೆಯುವುದು. ತನ್ನ ಲಾಭದಲ್ಲಿ ಕಳೆದುಕೊಳ್ಳುವುದು. ಇಲ್ಲವೆ ಇಲ್ಲಿಗೆ ಫೋನು ಮಾಡಿ, "ರೇಟು ಇಳಿಸಿ, ಇಲ್ಲದಿದ್ದರೆ ಆರ್ಡರು ಬೇರೆ ಕಡೆ ಕೊಡುತ್ತೇವೆ" ಎನ್ನುವುದು. ಮೂರನ್ನೂ ಸ್ವಲ್ಪ ಸ್ವಲ್ಪ ಮಾಡುತ್ತಾನೆ. ಹೊರದೇಶಕ್ಕೆ ಕಳಿಸುವ ನಮ್ಮ ದೊಡ್ಡ ಕಂಪನಿಗಳಿಗೆ ಯುರೋಪು, ಗಲ್ಫ್ ಎಂದು ಬೇರೆ ಬಾಗಿಲು ತಟ್ಟುವ ಶಕ್ತಿ ಇರುತ್ತದೆ. ಅವರಿಗೆ ಮಜೂರಿಗೆ ನೇಯ್ದು ಕೊಡುವ ಎಂಟು ಮಗ್ಗದವನಿಗೆ ಬರುವುದು ಒಂದೇ ಸುದ್ದಿ, "ಸದ್ಯ ನಿಲ್ಲಿಸಿ". ಎರಡು ಪಾಳಿ ಒಂದು ಪಾಳಿಯಾಗುತ್ತದೆ. ರಾತ್ರಿ ಪಾಳಿಯ ಕೆಲಸಗಾರ ಕಿರಾಣಿ ಅಂಗಡಿಯಲ್ಲಿ ಉದ್ರಿ ಬರೆಸುತ್ತಾನೆ. ಕಿರಾಣಿಯವನು ಪೇಟೆಯ ಸಗಟು ವ್ಯಾಪಾರಿಗೆ ಬಾಕಿ ಹೇಳುತ್ತಾನೆ. ದೇಶದ ಅರ್ಥವ್ಯವಸ್ಥೆ ಎಂದು ದೊಡ್ಡ ಹೆಸರಿನಿಂದ ಕರೆಯುವುದು ಈ ಉದ್ರಿ ಪುಸ್ತಕಗಳ ಸಾಲನ್ನೇ.

ಜವಳಿ ಗಿರಣಿಗಳ ಮೇಲೆ ಬಿದ್ದ ಈ ಪೆಟ್ಟಿಗೆ ಮುಲಾಮು ಹಚ್ಚಬೇಕಾಗಿತ್ತು. ದಿಲ್ಲಿ ಸರಕಾರ ಆರಿಸಿಕೊಂಡ ಮುಲಾಮು ಹತ್ತಿಯ ಸುಂಕ. ಆಗಸ್ಟ್ 19ರಿಂದ ಸೆಪ್ಟೆಂಬರ್ 30ರವರೆಗೆ ಶೇಕಡಾ 11ನ್ನು ತೆಗೆದರು. ಅಷ್ಟು ದಿನದಲ್ಲಿ ಹಡಗಿನಲ್ಲಿ ಹತ್ತಿ ತರಿಸಿ ಮುಟ್ಟಿಸಲು ಆಗುವುದಿಲ್ಲ ಎಂದು ಗಿರಣಿಗಳು ಹೇಳಿದವು. ಹತ್ತು ದಿನದೊಳಗೆ ಗಡುವನ್ನು ಡಿಸೆಂಬರ್ 31ರವರೆಗೆ ಚಾಚಿದರು.

ಈಗ ಆದವಾನಿಯ ಬೀಗರ ಹೊಲಕ್ಕೆ ಬನ್ನಿ. ಅವರು ಹತ್ತಿ ಊರಿದ್ದು ಜೂನ್, ಜುಲೈ ಮಳೆಗೆ. ಊರುವಾಗ ಶೇಕಡಾ 11ರ ಸುಂಕ ಜಾರಿಯಲ್ಲಿತ್ತು. ಮೇ 28ರಂದು ಕೇಂದ್ರ ಸರಕಾರ ಬೆಂಬಲ ಬೆಲೆಯನ್ನು ಕ್ವಿಂಟಲಿಗೆ 589 ರೂಪಾಯಿ ಏರಿಸಿ ಮಧ್ಯಮ ಎಳೆಗೆ 7,710, ಉದ್ದ ಎಳೆಗೆ 8,110 ಎಂದು ಸಾರಿತ್ತು. ಅದನ್ನು ನಂಬಿ ಬೀಜ ತಂದರು, ಸಾಲ ಮಾಡಿದರು. ಗಿಡ ಮೊಳಕಾಲೆತ್ತರ ಬಂದಾಗ ಸುಂಕ ಹೋಯಿತು. ಮೊದಲು ಹೇಳಿದ ಲೆಕ್ಕ ನೆನಪಿರಲಿ: ಸುಂಕದಿಂದ ಕ್ವಿಂಟಲಿಗೆ ಆಗಬಹುದಾದ ವ್ಯತ್ಯಾಸ 560 ರೂಪಾಯಿ. ಬೆಂಬಲ ಬೆಲೆಯಲ್ಲಿ ಏರಿಸಿದ್ದು 589. ಮೇ ತಿಂಗಳಲ್ಲಿ ಬಲಗೈ ಕೊಟ್ಟದ್ದಕ್ಕೂ ಆಗಸ್ಟಿನಲ್ಲಿ ಎಡಗೈ ತೆಗೆದದ್ದಕ್ಕೂ ಹೆಚ್ಚಿನ ಅಂತರವಿಲ್ಲ. ಅಕ್ಟೋಬರಿನಲ್ಲಿ ಹತ್ತಿ ಪೇಟೆಗೆ ಬರತೊಡಗಿದಾಗ ಅನೇಕ ಮಾರುಕಟ್ಟೆಗಳಲ್ಲಿ ಬೆಂಬಲ ಬೆಲೆಗಿಂತ ಕೆಳಗೆ ಹರಾಜಾಯಿತು. ಲೋಕದ ಪೇಟೆಯಲ್ಲೇ ಬೆಲೆ ತಗ್ಗಿತ್ತು, ಮಳೆಗೆ ಹತ್ತಿ ನೆನೆದಿತ್ತು, ಅವೂ ಕಾರಣಗಳೇ. ಆದರೆ ತಗ್ಗಿದ ಬೆಲೆಗೆ ತಡೆಯಾಗಿ ನಿಲ್ಲಬೇಕಾಗಿದ್ದ ಸುಂಕವೇ ಆ ಮೂರು ತಿಂಗಳು ಅಲ್ಲಿರಲಿಲ್ಲ.

ಅಮೆರಿಕದವರು ಟವೆಲಿನ ಮೇಲೆ ಹಾಕಿದ ಸುಂಕ ಆದವಾನಿಯ ಎರೆ ಹೊಲಕ್ಕೆ ಹೀಗೆ ಬಂದು ಮುಟ್ಟಿತು. ನಡುವೆ ಹನ್ನೆರಡು ಸಾವಿರ ಕಿಲೋಮೀಟರಿಗೂ ಹೆಚ್ಚು ದೂರವಿದೆ. ಬರಲಿಕ್ಕೆ ಹಿಡಿದದ್ದು ಮೂರು ವಾರ. ಆಮೇಲಿನ ತಿಂಗಳುಗಳಲ್ಲಿ ಅಮೆರಿಕದ ದರಗಳ ಮೇಲೆ ಮಾತುಕತೆಗಳು ನಡೆದಿವೆ. ಅದನ್ನು ದಿನದಿನದ ವಾರ್ತೆಗೆ ಬಿಡುತ್ತೇನೆ.

ಸುಂಕ ತೆಗೆದದ್ದರಿಂದ ಸೊಲ್ಲಾಪುರದ ಸಣ್ಣ ಮಗ್ಗದವನಿಗಾದರೂ ಪೂರ್ತಿ ಲಾಭವಾಯಿತೇ? ನನಗೆ ಹಾಗೆ ಅನ್ನಿಸುವುದಿಲ್ಲ. ಅವನು ಹತ್ತಿ ಕೊಳ್ಳುವವನಲ್ಲ, ನೂಲು ಕೊಳ್ಳುವವನು. ಹತ್ತಿ ಇಳಿದದ್ದು ನೂಲಿನ ರೇಟಿನಲ್ಲಿ ಕಾಣಲು ವಾರಗಳು ಹಿಡಿಯುತ್ತವೆ, ಪೂರ್ತಿಯಾಗಿ ಕಾಣುವುದೂ ಇಲ್ಲ. ಇನ್ನೊಂದು ವಿಷಯ. ಹೊರದೇಶಕ್ಕೆ ಬಟ್ಟೆ ಕಳಿಸುವ ದೊಡ್ಡ ಗಿರಣಿಗಳಿಗೆ, ಅಷ್ಟೇ ಸರಕನ್ನು ಹೊರಗೆ ಕಳಿಸುತ್ತೇವೆ ಎಂದು ಬರೆದುಕೊಟ್ಟು, ಸುಂಕವಿಲ್ಲದೆ ಹತ್ತಿ ತರಿಸುವ ಮುಂಗಡ ಅನುಮತಿಯ ದಾರಿ ಮೊದಲಿನಿಂದಲೂ ಇತ್ತು. ಪೇಟೆಯಲ್ಲಿ ಹತ್ತು ಚೀಲ ನೂಲು ಕೊಳ್ಳುವವನಿಗೆ ಆ ದಾರಿ ಇಲ್ಲ. ಸುಂಕ ಇದ್ದಾಗ ಅದನ್ನು ಹೊತ್ತವನು ಅವನೇ, ಹೋದಾಗ ಕಡೆಗೆ ನೆರಳು ಸಿಕ್ಕಿದ್ದೂ ಅವನಿಗೇ.

ಬೆಲೆಯ ಈ ಗುಣವನ್ನು ಹೆಂಗಸರು ಅಡಿಗೆ ಮನೆಯಲ್ಲಿ ಚೆನ್ನಾಗಿ ಬಲ್ಲರು. 2024ರ ಸೆಪ್ಟೆಂಬರ್ 14ರಂದು ಹೊರಗಿನಿಂದ ಬರುವ ಸೂರ್ಯಕಾಂತಿ, ಸೋಯಾ, ತಾಳೆ ಕಚ್ಚಾ ಎಣ್ಣೆಯ ಸುಂಕವನ್ನು ಒಟ್ಟು ಶೇಕಡಾ ಐದೂವರೆಯಿಂದ ಇಪ್ಪತ್ತೇಳೂವರೆಗೆ ಏರಿಸಿದರು. ಶೇಂಗಾ, ಸೋಯಾ ಬೆಳೆಯುವವರಿಗೆ ಬೆಲೆ ಸಿಗಲಿ ಎಂಬ ಉದ್ದೇಶ ಒಳ್ಳೆಯದೇ; ಮಡಕಶಿರಾ, ರಾಯದುರ್ಗದ ಶೇಂಗಾ ಸೀಮೆಯವರು ಬೇಡ ಎನ್ನುವುದಿಲ್ಲ. ಹಳೆಯ ಸುಂಕದಲ್ಲಿ ತಂದ ಎಣ್ಣೆ ಸುಮಾರು 30 ಲಕ್ಷ ಟನ್ ದೇಶದಲ್ಲಿತ್ತು, ಒಂದೂವರೆ ತಿಂಗಳಿಗೆ ಸಾಕಾಗುವಷ್ಟು. ಅದು ಮುಗಿಯುವವರೆಗೆ ಬೆಲೆ ಏರಿಸಬೇಡಿ ಎಂದು ಸರಕಾರವೇ ಕಂಪನಿಗಳಿಗೆ ಹೇಳಬೇಕಾಗಿ ಬಂತು. ಹಬ್ಬದ ಹೊತ್ತಿಗೆ ಎಣ್ಣೆ ಪಾಕೀಟಿನ ಬೆಲೆ ಏನಾಯಿತು ಎಂಬುದು ಕರ್ಜಿಕಾಯಿ ಕರಿದವರಿಗೆ ನೆನಪಿರಬೇಕು. 2025ರ ಮೇ 30ರಂದು ಆ ಸುಂಕವನ್ನು ಹದಿನಾರೂವರೆಗೆ ಇಳಿಸಿದರು. ಇಳಿದ ಸುಂಕ ಅಂಗಡಿಗೆ ಬರುವುದು ಎತ್ತಿನ ಗಾಡಿಯಲ್ಲಿ. ಏರಿದ ಸುಂಕ ಮಾತ್ರ ತಂತಿಯಲ್ಲಿ ಬರುತ್ತದೆ.

ಅಂದ ಹಾಗೆ ಈ ಎಣ್ಣೆಯ ಸುಂಕವೂ ಹತ್ತಿಯ ರೈತನಿಗೆ ಸಂಬಂಧಪಟ್ಟದ್ದೇ. ಒಂದು ಕ್ವಿಂಟಲ್ ಹತ್ತಿಯಲ್ಲಿ ಅರಳೆ 34 ಕಿಲೋ ಆದರೆ ಉಳಿದ ಬಹುಪಾಲು ಹತ್ತಿಕಾಳು. ಕಾಳಿನಿಂದ ಎಣ್ಣೆ, ದನಕ್ಕೆ ಹಿಂಡಿ. ಎಣ್ಣೆ ಪೇಟೆ ಬಿದ್ದರೆ ಕಾಳಿನ ಬೆಲೆ ಬೀಳುತ್ತದೆ, ಅದರ ಹಿಂದೆ ಹತ್ತಿಯ ಹರಾಜೂ ಬೀಳುತ್ತದೆ.

ಇಷ್ಟು ಕೇಳಿದ ಮೇಲೆ, ಹಾಗಾದರೆ ಸುಂಕ ಇರಬೇಕೋ ಬೇಡವೋ ಎಂದು ತಾವು ಕೇಳಬಹುದು. ಎಷ್ಟು ಎಂಬುದರ ಮೇಲೆ ತಿಳಿದವರು ವಾದ ಮಾಡಲಿ. ನನಗೆ ತೋರುವುದು, ಸಣ್ಣವರನ್ನು ಹೆಚ್ಚು ಕೆಡಿಸುವುದು ಸುಂಕದ ದರಕ್ಕಿಂತ ಅದರ ವೇಳೆ. ಶೇಕಡಾ 11 ಇರುತ್ತದೆ ಎಂದು ಗೊತ್ತಿದ್ದರೆ ಮಗ್ಗದವನು ತನ್ನ ಟವೆಲಿನ ಬೆಲೆಯನ್ನು ಅದಕ್ಕೆ ಹೊಂದಿಸುತ್ತಾನೆ. ಇರುವುದಿಲ್ಲ ಎಂದು ಗೊತ್ತಿದ್ದರೆ ರೈತ ಎರಡು ಎಕರೆ ಹತ್ತಿ ಕಡಿಮೆ ಮಾಡಿ ತೊಗರಿಯನ್ನೋ ಕಡಲೆಯನ್ನೋ ಬಿತ್ತುತ್ತಾನೆ. ಬಿತ್ತಿ ಎರಡು ತಿಂಗಳಾದ ಮೇಲೆ ನಿಯಮ ತಿರುಗಿದರೆ ಅವನು ಗಿಡ ಕಿತ್ತು ಬೇರೆ ಬೆಳೆ ಹಾಕಲಾರ. ದೊಡ್ಡವರಿಗೆ ಈ ತೊಂದರೆ ಇಲ್ಲ. ಅವರಿಗೆ ಗೋದಾಮು ಇದೆ, ಬ್ಯಾಂಕು ಇದೆ, ಆರು ತಿಂಗಳು ಕಾಯುವ ಗಂಟಲು ಇದೆ. 2025ರ ಆ ವಿನಾಯಿತಿಯ ಗಡುವು ಮುಗಿದದ್ದು ವರ್ಷದ ಕೊನೆಯ ದಿನ. ದಸರೆಯಿಂದ ಸಂಕ್ರಾಂತಿಯೊಳಗೆ ಸಣ್ಣ ರೈತ ಸಾಲ ತೀರಿಸಲು ಹೆಚ್ಚುಪಾಲು ಹತ್ತಿ ಮಾರಿ ಮುಗಿಸುತ್ತಾನೆ. ಅವನು ಮಾರುವ ಹೊತ್ತಿನಲ್ಲಿ ಸುಂಕ ಇರಲಿಲ್ಲ. ಗಡುವು ಮುಗಿಯುವ ಹೊತ್ತಿಗೆ ಅವನ ಹತ್ತಿ ಹೆಚ್ಚು ಉಳಿದಿರಲಿಲ್ಲ, ಕೊಂಡವನಲ್ಲಿ ಇತ್ತು.

ಇದನ್ನು ತಪ್ಪಿಸುವುದು ಅಷ್ಟೇನೂ ಕಷ್ಟದ ಕೆಲಸವಲ್ಲ. ಬೆಂಬಲ ಬೆಲೆಯನ್ನು ಮುಂಗಾರಿಗೆ ಮೊದಲು ಸಾರುವಂತೆ ಆ ವರ್ಷದ ಸುಂಕವನ್ನೂ ಅದೇ ದಿನ ಸಾರಿ, ಬೆಳೆ ಮನೆಗೆ ಬಂದು ಮಾರುವವರೆಗೆ ಬದಲಿಸದೆ ಇರಲು ಸಾಧ್ಯ. ಮಗ್ಗದವರಿಗೆ ಅವಸರದ ಸಹಾಯ ಬೇಕೆಂದರೆ ಅದನ್ನು ಬೊಕ್ಕಸದಿಂದ ನೇರವಾಗಿ ಕೊಡಲಿ. ಬೀಗರ ಚೀಲದಿಂದ ತೆಗೆಯುವುದೇಕೆ? ಹೀಗೆ ಕೇಳುವ ಅರ್ಜಿಗೆ ಆದವಾನಿಯವರೂ ಸೊಲ್ಲಾಪುರದವರೂ ಒಟ್ಟಿಗೆ ಸಹಿ ಹಾಕಬಹುದು. ಒಬ್ಬರದು ತೆಲುಗಿನಲ್ಲಿ, ಒಬ್ಬರದು ಮರಾಠಿಯಲ್ಲಿ ದಾಖಲಾಗುವುದರಿಂದ ಅಧಿಕಾರಿಗಳಿಗೆ ಇವರು ಬೇರೆ ಬೇರೆ ಅನ್ನಿಸುತ್ತಾರೆ, ಅಷ್ಟೆ.

ಕೊನೆಗೆ ಒಂದೆರಡು ಉಪಯೋಗದ ಮಾತು. ಹತ್ತಿ ಮಾರುವವರು ಯಾರ್ಡಿಗೆ ಹೋಗುವ ಮೊದಲು ಆ ವರ್ಷದ ಬೆಂಬಲ ಬೆಲೆ ಎಷ್ಟು, ಭಾರತೀಯ ಹತ್ತಿ ನಿಗಮದ ಖರೀದಿ ಕೇಂದ್ರ ಎಲ್ಲಿದೆ ಎಂದು ವಿಚಾರಿಸಿಕೊಂಡಿರಿ. 2025ರ ಹಂಗಾಮಿನಿಂದ ನಿಗಮಕ್ಕೆ ಮಾರಲು ಕಪಾಸ್ ಕಿಸಾನ್ ಎಂಬ ಮೊಬೈಲ್ ಆ್ಯಪಿನಲ್ಲಿ ಮೊದಲೇ ಹೆಸರು ನೋಂದಾಯಿಸುವ ಪದ್ಧತಿ ಬಂದಿದೆ. ಓದು ಬಾರದವರು ಮನೆಯ ಹುಡುಗರ ಕೈಲಿ ಮಾಡಿಸಬಹುದು. ಪಹಣಿಯಲ್ಲಿರುವ ಹೆಸರೂ ಆಧಾರದ ಹೆಸರೂ ಒಂದೇ ಇರುವಂತೆ ನೋಡಿಕೊಳ್ಳಿ. ಗಡಿಯ ಊರುಗಳಲ್ಲಿ ಒಂದು ಕಡೆ ಕನ್ನಡದ ಹೆಸರು, ಇನ್ನೊಂದು ಕಡೆ ತೆಲುಗೋ ಮರಾಠಿಯೋ ಉಚ್ಚಾರದ ಹೆಸರು ಇರುವುದು ಸಾಮಾನ್ಯ. ಹತ್ತಿಯನ್ನು ಎರಡು ಬಿಸಿಲು ಚೆನ್ನಾಗಿ ಒಣಗಿಸಿ. ತೇವ ಶೇಕಡಾ 8ರೊಳಗಿದ್ದರೆ ಪೂರ್ತಿ ಬೆಲೆ, 8ರಿಂದ 12ರವರೆಗೆ ಕಡಿತ, 12 ದಾಟಿದರೆ ನಿಗಮ ಮುಟ್ಟುವುದಿಲ್ಲ. ಮಗ್ಗದವರು ಆರ್ಡರು ಒಪ್ಪುವಾಗ ಅಂದಿನ ನೂಲಿನ ರೇಟನ್ನು ಅದೇ ಕಾಗದದಲ್ಲಿ ಬರೆಸಿಕೊಳ್ಳಿ. ರೇಟು ಇಂತಿಷ್ಟಕ್ಕಿಂತ ಏರಿದರೆ ಬೆಲೆಯನ್ನು ಮತ್ತೆ ಕೂತು ಮಾತಾಡುವುದು ಎಂಬ ಒಂದು ಸಾಲನ್ನೂ ಸೇರಿಸಿ. ಬಾಯಿಮಾತಿನ ಆರ್ಡರಿನಲ್ಲಿ ನೂಲು ಏರಿದ ನಷ್ಟವೆಲ್ಲ ನೇಯುವವನ ತಲೆಗೇ ಬರುತ್ತದೆ.